ಕಾಣೆಯಾದವರ ಪ್ರಕಟಣೆಯಲ್ಲಿ ನನ್ನ ತಂದೆಯ ಮುಖ ಬಂದ ಬಗ್ಗೆ

ನನ್ನ ಹೆಸರನ್ನೂ ಮನೆಯ ವಿಳಾಸವನ್ನೂ ಠಾಣೆಯ ರೈಟರ್ ಬೇರೆ ಹಾಳೆಯಲ್ಲಿ ಬರೆದುಕೊಂಡಿದ್ದಾರೆ. ವಯಸ್ಸು ಇಪ್ಪತ್ತನಾಲ್ಕು. ಸಾಹಿತ್ಯದಲ್ಲಿ ಎಂ.ಎ. ಮಾಡಿದ್ದೇನೆ. ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ವಿವರಣೆ ಬರೆಯುವ ಕೆಲಸ. ಬೇಕರಿಯ ಹಿಂಬದಿಯ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ನಾನೂ ನನ್ನ ತಂದೆಯೂ ಇದ್ದೇವೆ. ತಂದೆ ಅದೇ ಬೇಕರಿಯಲ್ಲಿ ಒಲೆ ನೋಡಿಕೊಳ್ಳುತ್ತಾರೆ, ಬೀದಿಯವರು ಅವರನ್ನು ಬನ್ನಣ್ಣ ಎಂದು ಕರೆಯುತ್ತಾರೆ. ಇಂದು ಸೋಮವಾರ ನಾನಾಗಿಯೇ ಠಾಣೆಗೆ ಬಂದು ಹೇಳಿ ಬರೆಸುತ್ತಿರುವುದೇನೆಂದರೆ, ನಗರ ಕಚೇರಿಯ ಕಾಣೆಯಾದವರ ಪ್ರಕಟಣೆಯಲ್ಲಿ ಈಗ ಇರುವ ಚಿತ್ರ ಕಾಣೆಯಾದವರದ್ದಲ್ಲ, ನನ್ನ ತಂದೆಯದ್ದು. ಅದು ಅಲ್ಲಿಗೆ ಹೇಗೆ ಹೋಯಿತೆಂದು ನನಗೆ ಗೊತ್ತಿದೆ. ನಿಜವಾಗಿ ಕಾಣೆಯಾದವರು ಇಂದು ಬೆಳಿಗ್ಗೆಯವರೆಗೂ ಇದೇ ಊರಿನಲ್ಲಿದ್ದರು. ಈಗ ಎಲ್ಲಿದ್ದಾರೆಂದು ಗೊತ್ತಿಲ್ಲ. ಅವರ ಹೆಂಡತಿ ನನ್ನ ಪಕ್ಕದ ಬೆಂಚಿನ ಮೇಲೆ ಕುಳಿತಿದ್ದಾರೆ.

ಮೊದಲು ನನ್ನ ಕೆಲಸದ ಬಗ್ಗೆ ಹೇಳಬೇಕಾಗಿದೆ. ಸಬ್ ಇನ್‌ಸ್ಪೆಕ್ಟರ್ ಎರಡು ಸಲ ಕೇಳಿದರು, ಎರಡು ಸಲವೂ ನಾನು ಸಣ್ಣ ದನಿಯಲ್ಲಿ ಹೇಳಿದ್ದರಿಂದ ಅವರಿಗೆ ಕೇಳಿಸಲಿಲ್ಲ. ನಮ್ಮ ಕಂಪನಿ ಒಂದು ಟೂಲ್ ಮಾಡಿದೆ. ಹಳೆಯ ಚಿತ್ರ ಕೊಟ್ಟು ಹೀಗೆ ಬದಲಾಯಿಸು ಎಂದರೆ ಅದು ಹೊಸ ಚಿತ್ರ ಮಾಡಿ ಹಳೆಯದರ ಜಾಗದಲ್ಲಿ ಕೂರಿಸುತ್ತದೆ. ಅದನ್ನು ಬಳಸುವವರು ಮನುಷ್ಯರಲ್ಲ, ಏಜೆಂಟ್‌ಗಳು. ಏಜೆಂಟ್ ಅಂದರೆ ಯಾರು, ಅವನನ್ನೂ ಕರೆಸಿ ಎಂದು ಸಬ್ ಇನ್‌ಸ್ಪೆಕ್ಟರ್ ಹೇಳಿದರು. ಅದು ವ್ಯಕ್ತಿಯಲ್ಲ, ಒಮ್ಮೆ ಕೆಲಸ ಒಪ್ಪಿಸಿದರೆ ಪಕ್ಕದಲ್ಲಿ ಯಾರೂ ಕೂರದಿದ್ದರೂ ತಾನೇ ಓದಿಕೊಂಡು, ತಾನೇ ತೀರ್ಮಾನಿಸಿ, ಮಾಡಿ ಮುಗಿಸುವ ಕಂಪ್ಯೂಟರ್ ಪ್ರೋಗ್ರಾಂ ಎಂದು ತಿಳಿಸಿದೆ. ಹಾಗಾದರೆ ಅದು ತಪ್ಪು ಮಾಡಿದರೆ ಯಾರ ಕೈಗೆ ಬೇಡಿ ಹಾಕೋದಮ್ಮ ಎಂದು ರೈಟರ್ ಕೇಳಿದರು. ಇದನ್ನು ಬರೆಯೋದು ಬೇಡ ಎಂದು ಅವರೇ ಹೇಳಿದರು, ಅಷ್ಟು ಹೊತ್ತಿಗೆ ಬರೆದಾಗಿತ್ತು.

ಏಜೆಂಟ್‌ಗೆ ಟೂಲ್ ಹೇಗೆ ಬಳಸಬೇಕೆಂದು ತಿಳಿಯುವುದು ವಿವರಣೆ ಓದಿದ ಮೇಲೆ. ಆ ವಿವರಣೆ ಬರೆದವಳು ನಾನು. ಉದಾಹರಣೆ ಇಲ್ಲದ ವಿವರಣೆ ಏಜೆಂಟ್‌ಗೆ ತಲೆಗೆ ಹತ್ತುವುದಿಲ್ಲ, ಒಂದು ನಿಜವಾದ ಮುಖ ಹಾಕು ಎಂದು ತಂಡದ ಮುಖ್ಯಸ್ಥರು ಹೇಳಿದ್ದರು. ನಾನು ತಂದೆಯನ್ನು ಕೇಳಿದೆ. ಅವರು ಒಲೆಯ ಬಾಗಿಲ ಮುಂದೆ ನಿಂತರು, ನಾನು ಫೋನಿನಲ್ಲಿ ಫೋಟೋ ತೆಗೆದೆ. ಹುಬ್ಬಿನ ತುಂಬ ಮೈದಾ ಹಿಟ್ಟು ಇತ್ತು. ಹಿಟ್ಟು ತೆಗೆ, ಹಿಂದೆ ಬಿಳಿ ಗೋಡೆ ಇಡು, ಒಳ್ಳೆಯ ಅಂಗಿ ತೊಡಿಸು ಎಂದು ಟೂಲ್‌ಗೆ ಹೇಳಿದೆ. ಅದು ತಂದೆಗೆ ತಿಳಿನೀಲಿ ಅಂಗಿ ತೊಡಿಸಿತು. ಕಾಲರಿಗೆ ಬಿಳಿ ಗೆರೆಗಳು ಇದ್ದವು, ಎಡಕ್ಕೆ ಮೂರು, ಬಲಕ್ಕೆ ನಾಲ್ಕು. ಟೂಲ್ ಇಂಥ ಸಣ್ಣ ತಪ್ಪುಗಳನ್ನು ಮಾಡುತ್ತಿರುತ್ತದೆ.

ಅದನ್ನು ತಂದೆಗೆ ತೋರಿಸಿದಾಗ ಅವರು ತುಂಬ ಹೊತ್ತು ನೋಡಿ, ಈ ಅಂಗಿ ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಎಲ್ಲೂ ಸಿಗುವುದಿಲ್ಲ, ಇಂಥ ಅಂಗಿಯೇ ಇಲ್ಲ ಎಂದೆ. ಇಲ್ಲದ ಅಂಗಿ ನನಗೆ ಇಷ್ಟು ಚೆನ್ನಾಗಿ ಒಪ್ಪುತ್ತಲ್ಲ ಎಂದು ಹೇಳಿ ಫೋನು ಹಿಂದಕ್ಕೆ ಕೊಟ್ಟರು. ವಾರದ ನಂತರ ಟೈಲರ್ ಹತ್ತಿರ ಹೋಗಿ ಚಿತ್ರ ತೋರಿಸಿ ಅಂಥದ್ದೇ ಹೊಲಿಸಿಕೊಂಡು ಬಂದರು. ಒಂದು ಕಡೆ ಮೂರು ಗೆರೆ, ಇನ್ನೊಂದು ಕಡೆ ನಾಲ್ಕು ಇದೆಯಲ್ಲ, ಯಾವುದು ಸರಿ ಎಂದು ಟೈಲರ್ ಕೇಳಿದರಂತೆ. ಚಿತ್ರದಲ್ಲಿ ಹೇಗಿದೆಯೋ ಹಾಗೇ ಹೊಲಿ ಎಂದು ತಂದೆ ಹೇಳಿದರಂತೆ. ಹೀಗೆ ಆ ಅಂಗಿ ಈಗ ನಿಜವಾಗಿಯೂ ಇದೆ. ತಂದೆ ಈಗಲೂ ಅದನ್ನೇ ತೊಟ್ಟು ಹೊರಗೆ ಜಗಲಿಯ ಮೇಲೆ ನಿಂತಿದ್ದಾರೆ.

ವಿವರಣೆಯಲ್ಲಿ ಒಂದು ಕಡೆ ನಾನು ಬರೆದದ್ದು ಹೀಗಿದೆ: ಕೊಟ್ಟ ಚಿತ್ರದಲ್ಲಿ ಮುಖ ಪೂರ್ತಿ ಕಾಣದಿದ್ದರೆ ಟೂಲ್ ಕೆಲಸ ಮಾಡುವುದಿಲ್ಲ, ಅದೇ ವ್ಯಕ್ತಿಯ ಬೇರೊಂದು ಚಿತ್ರ ಕೊಡಿ, ಉದಾಹರಣೆಗೆ. ಇದರ ಕೆಳಗೆ ನೀಲಿ ಅಂಗಿಯ ಚಿತ್ರ ಇತ್ತು. ಮನುಷ್ಯರು ಓದಿದ್ದರೆ ಅದು ಉದಾಹರಣೆ ಎಂದು ಬಿಟ್ಟು ಮುಂದೆ ಹೋಗುತ್ತಿದ್ದರು.

ನಂತರ ಪರೀಕ್ಷೆ ನಡೆಯಿತು. ಏಜೆಂಟ್‌ಗಳಿಗೆ ಕೆಲಸ ಕೊಟ್ಟು, ಅವು ಮಾಡಿದ್ದನ್ನು ನೋಡಿ, ಮೂರು ಪ್ರಶ್ನೆಗೆ ನಾನು ಉತ್ತರ ಗುರುತಿಸಬೇಕು. ಚಿತ್ರ ಬದಲಾಯಿತೇ, ಅಳತೆ ಸರಿಯಿದೆಯೇ, ನೋಡಲು ಸ್ವಚ್ಛವಾಗಿದೆಯೇ. ಒಂದು ದಿನ ಸೈಕಲ್ ಅಂಗಡಿಯ ಕೆಲಸ ಕೊಟ್ಟಿದ್ದೆವು. ಒಂದು ಸೈಕಲ್ಲಿನ ಫೋಟೋ ಕಳೆದುಹೋಗಿತ್ತು. ಏಜೆಂಟ್ ಆ ಜಾಗದಲ್ಲಿ ನನ್ನ ತಂದೆಯನ್ನು ಹಾಕಿತ್ತು, ಕೆಳಗೆ ಬೆಲೆ ಹಾಗೇ ಇತ್ತು. ಕೋಣೆಯವರೆಲ್ಲ ಎದ್ದು ಬಂದು ನೋಡಿದರು. ನಿಮ್ಮಪ್ಪನಿಗೆ ಗೇರ್ ಎಷ್ಟು, ಬೆಲ್ ಬೇರೆ ಕೊಳ್ಳಬೇಕಾ ಎಂದು ಪಕ್ಕದ ಮೇಜಿನವರು ಕೇಳಿದರು. ನಾನೂ ನಕ್ಕೆ. ಆಮೇಲೆ ಮುಖ್ಯಸ್ಥರ ಹತ್ತಿರ ಹೋಗಿ ಇದು ಸೈಕಲ್ ಅಲ್ಲ ಎಂದು ಹೇಳಿದೆ. ಚಿತ್ರ ಬದಲಾಯಿತಾ ಎಂದು ಕೇಳಿದರು, ಹೌದು ಎಂದೆ. ಅಳತೆ ಎಂದರು, ಸರಿಯಿದೆ ಎಂದೆ. ಸ್ವಚ್ಛವಾಗಿದೆಯಾ ಎಂದರು. ಇತ್ತು. ಯಾರ ಚಿತ್ರ ಅನ್ನೋದು ಪ್ರಶ್ನೆಯಲ್ಲಿಲ್ಲ, ಷರಾದಲ್ಲಿ ಬರೆದುಬಿಡು ಎಂದರು. ಷರಾದಲ್ಲಿ ಬರೆದೆ. ಷರಾಕ್ಕೆ ಅಂಕವಿಲ್ಲ. ಟೂಲ್ ಪಾಸಾಯಿತು, ಅವತ್ತು ಸಂಜೆ ಎಲ್ಲರಿಗೂ ಕೇಕ್ ಬಂತು. ಕೇಕ್ ನನ್ನ ತಂದೆ ಕೆಲಸ ಮಾಡುವ ಬೇಕರಿಯದ್ದೇ.

ಹೀಗೆ ಪಾಸಾದ ಟೂಲನ್ನು ನಗರ ಕಚೇರಿಯವರು ತೆಗೆದುಕೊಂಡರು. ಅವರ ವೆಬ್‌ಸೈಟಿನ ಚಿತ್ರಗಳನ್ನೆಲ್ಲ ಒಂದೇ ಅಳತೆಗೆ ತಂದು ಚೊಕ್ಕಟ ಮಾಡುವ ಕೆಲಸವನ್ನು ಒಂದು ಏಜೆಂಟ್‌ಗೆ ಒಪ್ಪಿಸಿದರು. ಕಾಣೆಯಾದವರ ಪುಟವೂ ಅದರಲ್ಲಿ ಸೇರಿತ್ತು ಎಂದು ನನಗೆ ನಿನ್ನೆಯವರೆಗೆ ಗೊತ್ತಿರಲಿಲ್ಲ.

ಕಾಣೆಯಾದವರ ಬಗ್ಗೆ ನಾನು ತಿಳಿದದ್ದು ಅವರ ಹೆಂಡತಿಯಿಂದ, ಅವರನ್ನು ನಾನು ಅಜ್ಜಿ ಎನ್ನುತ್ತೇನೆ. ಕಾಣೆಯಾದವರ ವಯಸ್ಸು ಎಪ್ಪತ್ತೊಂದು. ಎಂಟು ಮಹಡಿಯ ಒಂದು ಕಟ್ಟಡದಲ್ಲಿ ಮೂವತ್ತು ವರ್ಷ ಲಿಫ್ಟ್ ನಡೆಸಿದವರು. ಜನ ತಾವೇ ಬಟನ್ ಒತ್ತಿಕೊಳ್ಳಲು ಶುರು ಮಾಡಿದ ಮೇಲೆ ಕೆಲಸ ಹೋಯಿತು. ಎರಡು ವರ್ಷದಿಂದ ನೆನಪು ಸರಿಯಿಲ್ಲ. ಯಾವ ಬಾಗಿಲು ಕಂಡರೂ ಪಕ್ಕಕ್ಕೆ ಹೋಗಿ ನೆಟ್ಟಗೆ ನಿಂತುಬಿಡುತ್ತಾರೆ. ಒಳಗೆ ಬರುವವರನ್ನು ಎಷ್ಟನೇ ಮಹಡಿ ಎಂದು ಕೇಳುತ್ತಾರೆ. ಅಡುಗೆಮನೆಗೆ ಹೋಗಬೇಕಾದರೂ ನಾನು ದಿನಕ್ಕೆ ಹತ್ತು ಸಲ ಮಹಡಿ ಹೇಳಬೇಕು ಎಂದು ಅಜ್ಜಿ ಹೇಳಿದರು. ಗುರುವಾರ ಸಂಜೆ ಅಜ್ಜಿ ಔಷಧ ತರಲು ಹೋಗಿ ಬರುವಷ್ಟರಲ್ಲಿ ಲಿಫ್ಟಿನವರು ಮನೆಯಲ್ಲಿರಲಿಲ್ಲ.

ಶುಕ್ರವಾರ ಅಜ್ಜಿ ನಗರ ಕಚೇರಿಗೆ ಹೋಗಿ ಪ್ರಕಟಣೆ ಕೊಟ್ಟರು. ಗುರುತು ಹಿಡಿಯಲು ಏನಾದರೂ ವಿಶೇಷ ಇದೆಯೇ ಎಂದು ಗುಮಾಸ್ತರು ಕೇಳಿದ್ದಕ್ಕೆ ಎಷ್ಟನೇ ಮಹಡಿ ಎಂದು ಕೇಳುತ್ತಾರೆ ಅಂತ ಹೇಳಿದರು. ಗುಮಾಸ್ತರು ಮಾತು ಅಸಂಬದ್ಧ ಎಂದು ಬರೆದುಕೊಂಡರು. ಫೋಟೋ ಒಂದೇ ಇತ್ತು. ಕಟ್ಟಡದ ಕೆಲಸದವರೆಲ್ಲ ಸೇರಿ ತೆಗೆಸಿಕೊಂಡದ್ದು, ಅದರಲ್ಲಿ ಲಿಫ್ಟಿನವರ ಅರ್ಧ ಮುಖ ಕಸ ಗುಡಿಸುವವರ ಭುಜದ ಹಿಂದೆ ಹೋಗಿದೆ. ಆ ಅರ್ಧ ಮುಖವನ್ನೇ ಕತ್ತರಿಸಿ ಹಾಕಿದರು. ಶುಕ್ರವಾರ ಸಂಜೆ ಪ್ರಕಟಣೆ ಹಾಗೇ ಇತ್ತು. ಶನಿವಾರ ಬೆಳಿಗ್ಗೆ ಏಜೆಂಟ್ ಬಂದಿದೆ. ಟೂಲ್ ಅದಕ್ಕೆ ಮುಖ ಪೂರ್ತಿ ಇಲ್ಲ ಎಂದು ಹೇಳಿದೆ. ಏಜೆಂಟ್ ನನ್ನ ವಿವರಣೆ ಓದಿದೆ. ಅದೇ ವ್ಯಕ್ತಿಯ ಬೇರೊಂದು ಚಿತ್ರ ಕೊಡಿ ಎಂಬುದರ ಕೆಳಗೆ ಒಂದು ಚಿತ್ರ ಸಿದ್ಧವಾಗಿಯೇ ಇದೆ. ಅದನ್ನು ಕೊಟ್ಟಿದೆ. ಹಳೆಯದು ಅಳಿಸಿಹೋಗಿದೆ. ಚಿತ್ರ ಬದಲಾಗಿದೆ, ಅಳತೆ ಸರಿಯಿದೆ, ನೋಡಲು ಸ್ವಚ್ಛವಾಗಿದೆ.

ಅದೇ ಶನಿವಾರ ಮಧ್ಯಾಹ್ನ ಲಿಫ್ಟಿನವರು ಆಸ್ಪತ್ರೆಯ ಲಿಫ್ಟಿನ ಪಕ್ಕದಲ್ಲಿ ನಿಂತು ರೋಗಿಗಳನ್ನು ಕೇಳುತ್ತಿದ್ದುದನ್ನು ಕಾವಲುಗಾರರು ನೋಡಿ ಆಶ್ರಯ ಕೇಂದ್ರಕ್ಕೆ ಕಳುಹಿಸಿದರು. ಅಲ್ಲಿನ ವಾರ್ಡನ್ ಅವರನ್ನು ಕೂರಿಸಿಕೊಂಡು ಪ್ರಕಟಣೆಗಳನ್ನು ಒಂದೊಂದಾಗಿ ತೆಗೆದು ನೋಡಿದರಂತೆ. ಮುಖ ಯಾವುದಕ್ಕೂ ಹೋಲಲಿಲ್ಲ. ಅರ್ಧ ಮುಖ ಇದ್ದಿದ್ದರೆ ಹೋಲುತ್ತಿತ್ತೋ ಇಲ್ಲವೋ ನಾನು ಹೇಳಲಾರೆ. ಕಾಣೆಯಾದವರ ನಿಜವಾದ ಮುಖದ ಮುಂದೆಯೇ ವಾರ್ಡನ್ ಕುಳಿತಿದ್ದರು ಎಂಬುದನ್ನು ಮಾತ್ರ ಹೇಳಬಲ್ಲೆ.

ನಿನ್ನೆ ಭಾನುವಾರ ನನ್ನ ತಂದೆ ಬೇಕರಿಗೆ ರಜೆ ಹಾಕಿ, ಆಸ್ಪತ್ರೆಯಲ್ಲಿರುವ ನಮ್ಮ ಅತ್ತೆಯನ್ನು ನೋಡಲು ಹೊರಟರು. ನೀಲಿ ಅಂಗಿ ತೊಟ್ಟರು. ಫೋನು ಚಾರ್ಜಿಗೆ ಹಾಕಿದ್ದನ್ನು ಮರೆತುಹೋದರು. ಬಸ್ ನಿಲ್ದಾಣದಲ್ಲಿ ಇಬ್ಬರು ಕಾಲೇಜು ಹುಡುಗಿಯರು ಅವರನ್ನೂ ತಮ್ಮ ಫೋನನ್ನೂ ನಾಲ್ಕು ಸಲ ನೋಡಿದರಂತೆ. ಅಂಗಿ ಕೂಡ ಅದೇ ಕಣೇ ಎಂದು ಒಬ್ಬಳು ಅಂದಳಂತೆ. ತುಂಬ ಮರ್ಯಾದೆಯಿಂದ ಮಾತಾಡಿಸಿ, ಎರಡೂ ಕೈ ಹಿಡಿದುಕೊಂಡು ಆಶ್ರಯ ಕೇಂದ್ರಕ್ಕೆ ಆಟೋ ಹತ್ತಿಸಿದರು. ತಾನು ಕಾಣೆಯಾಗಿಲ್ಲ, ಬೇಕರಿಯವನು ಎಂದು ತಂದೆ ದಾರಿಯುದ್ದಕ್ಕೂ ಹೇಳಿದರು. ಹೌದು ತಾತ ಎಂದು ಅವರು ಒಪ್ಪಿಕೊಳ್ಳುತ್ತಲೇ ಹೋದರು. ತಂದೆಗೆ ಐವತ್ತೆಂಟು. ಉಳಿದದ್ದಕ್ಕೆಲ್ಲ ಇಲ್ಲದ ಬೇಸರ ಆ ತಾತ ಎಂಬ ಮಾತಿಗೆ ಇದೆ.

ಕೇಂದ್ರದಲ್ಲಿ ವಾರ್ಡನ್ ಅವರು ಮಗಳ ಫೋನ್ ನಂಬರ್ ಹೇಳಿ ಎಂದು ಕೇಳಿದರು. ತಂದೆ ಮೊದಲ ನಾಲ್ಕು ಅಂಕೆ ಹೇಳಿ ನಿಂತರು. ಫೋನಿನಲ್ಲಿ ನನ್ನ ಹೆಸರು ಒತ್ತುವವರು, ನಂಬರ್ ಎಂದೂ ಕಲಿತವರಲ್ಲ. ಬನ್ನು ಸುಡುವುದು ಹೇಗೆಂದು ಪೂರ್ತಿ ಹೇಳಿ ತೋರಿಸಿದರು. ವಾರ್ಡನ್ ಅವರು ಆಯ್ತು, ನಾಳೆ ಬನ್ನು ಮಾಡೋಣ, ಈಗ ಊಟ ಮಾಡಿ ಎಂದರು. ಎಪ್ಪತ್ತೊಂದು ಅಂತ ಯಾರೂ ಹೇಳಲ್ಲ, ಮೈ ಚೆನ್ನಾಗಿ ಇಟ್ಕೊಂಡಿದ್ದೀರಿ ಎಂದೂ ಹೇಳಿದರು. ಅವರು ಕೆಟ್ಟವರಲ್ಲ. ಪ್ರಕಟಣೆಯಲ್ಲಿ ಮಾತು ಅಸಂಬದ್ಧ ಎಂದು ಬರೆದಿತ್ತು.

ಸಂಜೆಯಾದರೂ ತಂದೆ ಬರದಿದ್ದಾಗ ನಾನು ಆಸ್ಪತ್ರೆಗೆ ಹೋಗಿ ಕೇಳಿದೆ. ಬರಲೇ ಇಲ್ಲ, ಬನ್ನೂ ಇಲ್ಲ ಅಣ್ಣನೂ ಇಲ್ಲ ಎಂದು ಅತ್ತೆ ಸಿಟ್ಟಾಗಿದ್ದರು. ಅಲ್ಲಿಂದ ಈ ಠಾಣೆಗೆ ಬಂದೆ. ಕರ್ತವ್ಯದಲ್ಲಿದ್ದವರು ತಂದೆಯ ಫೋಟೋ ತೋರಿಸು ಎಂದರು, ತೋರಿಸಿದೆ. ಅವರು ಕಂಪ್ಯೂಟರ್ ನನ್ನ ಕಡೆ ತಿರುಗಿಸಿ, ಇವರು ಆಗಲೇ ಸಿಕ್ಕಾಯ್ತು, ಆಶ್ರಯ ಕೇಂದ್ರದಲ್ಲಿದ್ದಾರೆ, ನೀವು ಎರಡನೇ ಸಲ ಕಂಪ್ಲೇಂಟ್ ಕೊಡ್ತಿದ್ದೀರಿ ಎಂದರು. ನನಗೆ ಸಮಾಧಾನವಾಯಿತು. ನಂತರ ಚಿತ್ರ ನೋಡಿದೆ. ಆ ಅಂಗಿಯಲ್ಲಿ ತಂದೆ ಎಂದೂ ಫೋಟೋ ತೆಗೆಸಿಕೊಂಡಿಲ್ಲ. ಹಿಂದಿನ ಬಿಳಿ ಗೋಡೆ ನಾನು ಇಡಿಸಿದ ಗೋಡೆ. ಕೆಳಗೆ ಬೇರೆಯವರ ಹೆಸರು, ಬೇರೆಯವರ ವಯಸ್ಸು. ಇದು ತಪ್ಪು ಚಿತ್ರ ಎಂದು ಹೇಳಿದೆ. ನಿಮ್ಮ ತಂದೆಯ ಫೋಟೋ ಅಲ್ಲವಾ ಎಂದರು, ಹೌದು ಎಂದೆ. ಮತ್ತೆ ತಪ್ಪು ಹೇಗೆ ಎಂದರು. ಅಷ್ಟರಲ್ಲಿ ಕೇಂದ್ರಕ್ಕೆ ಫೋನ್ ಮಾಡಿದ್ದರು. ಹೆಂಡತಿಗೆ ತಿಳಿಸಿದ್ದೇವೆ, ಬೆಳಿಗ್ಗೆ ಬರುತ್ತಾರೆ, ಇಬ್ಬರು ವಾರಸುದಾರರು ಇದ್ದರೆ ಬೆಳಿಗ್ಗೆಯೇ ನೋಡೋಣ ಎಂದು ವಾರ್ಡನ್ ಹೇಳಿದರು. ಜೋರು ಮಾಡಬೇಕಿತ್ತು. ನನಗೆ ಬರುವುದಿಲ್ಲ.

ಇಂದು ಬೆಳಿಗ್ಗೆ ಎಂಟೂವರೆಗೆ ಕೇಂದ್ರಕ್ಕೆ ಹೋದೆ. ಅಜ್ಜಿ ನನಗಿಂತ ಮೊದಲೇ ಬಂದು ಗೇಟಿನ ಹತ್ತಿರ ನಿಂತಿದ್ದರು. ಕೈಯಲ್ಲಿ ಗಂಡನ ಚಪ್ಪಲಿ ಇತ್ತು, ಗುರುವಾರ ಅವರು ಬರಿಗಾಲಲ್ಲಿ ಹೋಗಿದ್ದರಂತೆ. ಪ್ರಕಟಣೆಯ ಚಿತ್ರವನ್ನು ಅವರು ನೋಡಿರಲಿಲ್ಲ, ಅವರ ಫೋನಿನಲ್ಲಿ ಚಿತ್ರ ಬರುವುದಿಲ್ಲ. ವಾರ್ಡನ್ ನಮ್ಮಿಬ್ಬರನ್ನೂ ಒಳಗೆ ಕರೆದುಕೊಂಡು ಹೋದರು. ತಂದೆ ಮಂಚದ ಮೇಲೆ ಕುಳಿತಿದ್ದರು. ಅಜ್ಜಿ ಹತ್ತಿರ ಹೋಗಿ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಇವರು ನಮ್ಮನೆಯವರಲ್ಲ ಎಂದರು. ಬಹಳ ಮೆಲ್ಲಗೆ ಹೇಳಿದರು, ತಂದೆಗೆ ಬೇಜಾರಾಗಬಾರದು ಎಂಬಂತೆ. ಚಪ್ಪಲಿಯನ್ನು ಸೆರಗಿನೊಳಗೆ ಸೇರಿಸಿಕೊಂಡರು.

ಹೊರಗೆ ಬರುವಾಗ ತಂದೆ ಬಾಗಿಲ ಹತ್ತಿರ ನಿಂತು ಇತ್ತ ಅತ್ತ ನೋಡಿದರು. ಯಾರನ್ನು ಹುಡುಕುತ್ತೀ ಎಂದು ಕೇಳಿದೆ. ಪಕ್ಕದ ಮಂಚದವರು ಇಲ್ಲಿ ನಿಂತಿರುತ್ತಿದ್ದರು, ರಾತ್ರಿಯೆಲ್ಲ ತಲೆ ತಿಂದರು, ಬಚ್ಚಲಿಗೆ ಹೋದಾಗಲೆಲ್ಲ ಎಷ್ಟನೇ ಮಹಡಿ, ಎಷ್ಟನೇ ಮಹಡಿ ಅಂತ, ಮಹಡಿಯೇ ಇಲ್ಲದ ಕಟ್ಟಡದಲ್ಲಿ ಎಂದರು. ಆಮೇಲೆ ತಾನೇ ಸೋತು ಮೂರು ಎಂದು ಹೇಳಿದರಂತೆ. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನೆ ನಿಂತರಂತೆ, ಮೂರು ಬಂತು ಇಳೀರಿ ಎಂದು ಅವರು ಹೇಳಿದ ಮೇಲೆ ತಂದೆ ಬಚ್ಚಲಿಗೆ ಹೋದರಂತೆ. ತಂದೆ ಇದನ್ನು ನಗುವ ವಿಷಯವೆಂದು ಹೇಳುತ್ತಿದ್ದರು. ಅಜ್ಜಿ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟರು.

ವಾರ್ಡನ್ ಅವರನ್ನು ಕೇಳಿದೆವು. ಕೇಂದ್ರದಲ್ಲಿ ಮಂಚ ಕಡಿಮೆ, ಗುರುತು ಸಿಕ್ಕವರನ್ನು ಇಟ್ಟುಕೊಂಡು ಸಿಗದವರನ್ನು ಸೋಮವಾರ ಬೇರೆ ಊರಿನ ಕೇಂದ್ರಗಳಿಗೆ ಕಳುಹಿಸುವುದು ಅಲ್ಲಿನ ಪದ್ಧತಿ. ನನ್ನ ತಂದೆ ಗುರುತು ಸಿಕ್ಕವರು. ಲಿಫ್ಟಿನವರು ಸಿಗದವರು. ವ್ಯಾನ್ ಬೆಳಿಗ್ಗೆ ಏಳಕ್ಕೆ ಹೊರಟಿತ್ತು. ಅದು ಎರಡು ಊರಿಗೆ ಹೋಗುತ್ತದೆ, ಯಾರನ್ನು ಎಲ್ಲಿ ಇಳಿಸುವುದೆಂದು ಅಲ್ಲಿನ ಜಾಗ ನೋಡಿ ತೀರ್ಮಾನ. ವಾರ್ಡನ್ ಚಾಲಕನಿಗೆ ಫೋನ್ ಮಾಡಿದರು, ಎತ್ತಲಿಲ್ಲ. ವಾರ್ಡನ್ ಸೇರಿ ನಾವು ನಾಲ್ವರೂ ಅಲ್ಲಿಂದ ನೇರವಾಗಿ ಇಲ್ಲಿಗೆ ಬಂದೆವು.

ಹೇಳಿಕೆ ಬರೆದುಕೊಳ್ಳುತ್ತಿರುವಾಗಲೇ ನಡೆದದ್ದನ್ನೂ ಸೇರಿಸಬೇಕೆಂದು ನಾನು ಕೇಳಿಕೊಂಡೆ. ಸಬ್ ಇನ್‌ಸ್ಪೆಕ್ಟರ್ ಒಪ್ಪಿದರು.

ದಾರಿಯಲ್ಲಿ ನಾನು ಸಂದೇಶ ಕಳುಹಿಸಿದ್ದ ನಮ್ಮ ತಂಡದ ಮುಖ್ಯಸ್ಥರ ಫೋನ್ ಸುಮಾರು ಹನ್ನೊಂದೂವರೆಗೆ ಬಂತು. ಪ್ರಕಟಣೆಯಿಂದ ನಿನ್ನ ತಂದೆಯ ಚಿತ್ರ ತೆಗೆಸಿದ್ದೇವೆ, ಅಂಕದ ಹಾಳೆಗೆ ಯಾರ ಚಿತ್ರ ಎಂಬ ಪ್ರಶ್ನೆಯನ್ನೂ ಸೇರಿಸುತ್ತೇವೆ, ಟೂಲಿನ ಹೆಸರು ಮಾತ್ರ ಬರೆಸಬೇಡ ಎಂದರು. ನಾನು ಬರೆಸಿಲ್ಲ, ಅದನ್ನು ಯಾರೂ ಕೇಳಲೂ ಇಲ್ಲ. ಅಷ್ಟರಲ್ಲಿ ಸಬ್ ಇನ್‌ಸ್ಪೆಕ್ಟರ್‌ಗೆ ಎರಡನೇ ಊರಿನ ಕೇಂದ್ರ ಫೋನಿನಲ್ಲಿ ಸಿಕ್ಕಿತು. ವ್ಯಾನ್ ಮೂವರನ್ನು ಇಳಿಸಿ ಹೋಗಿದೆ, ಮೂವರೂ ಹೆಸರು ಹೇಳುತ್ತಿಲ್ಲ, ಫೋಟೋ ಕಳುಹಿಸಿ, ಹೊಂದಿದರೆ ತಿಳಿಸುತ್ತೇವೆ ಎಂದು ಅಲ್ಲಿಯವರು ಹೇಳಿದರು. ಅಜ್ಜಿ ಚೀಲದಿಂದ ಗುಂಪಿನ ಫೋಟೋ ತೆಗೆದುಕೊಟ್ಟರು. ಅರ್ಧ ಮುಖ. ಇನ್ನೂ ನನ್ನ ಫೋನಿನಲ್ಲಿದ್ದ ಮುಖ್ಯಸ್ಥರಿಗೆ ಇದನ್ನು ಹೇಳಿದಾಗ ಅವರು, ಅದಕ್ಕೇನಂತೆ, ಕಳಿಸು, ಉಳಿದರ್ಧವನ್ನು ಬೇರೆ ಪ್ರೋಗ್ರಾಂನಲ್ಲಿ ಒಂದು ನಿಮಿಷದಲ್ಲಿ ತುಂಬಿಸಿ ಕೊಡುತ್ತೇವೆ ಎಂದರು. ಅವರು ಸಹಾಯ ಮಾಡಬೇಕೆಂದೇ ಹೇಳಿದ್ದು.

ಅಜ್ಜಿಗೆ ಅದು ಕೇಳಿಸಿತು. ನನ್ನನ್ನು ನೋಡಿ, "ಪೂರ್ತಿ ಮಾಡಿದ್ರೆ ಅವ್ರೇ ಆಗ್ತಾರಾ, ಮಗಳೇ?" ಎಂದು ಕೇಳಿದರು.

"ಇಲ್ಲ ಅಜ್ಜಿ. ಯಾರೋ ಒಬ್ರು ಆಗ್ತಾರೆ," ಎಂದೆ.

ಮುಖ್ಯಸ್ಥರಿಗೆ ಬೇಡ ಎಂದು ಹೇಳಿ ಫೋನ್ ಇಟ್ಟೆ. ಅವರಿಗೆ ನಾನು ಬೇಡ ಎಂದದ್ದು ಇದೇ ಮೊದಲು.

ಇಷ್ಟು ಹೊತ್ತೂ ಜಗಲಿಯಲ್ಲಿದ್ದ ನನ್ನ ತಂದೆ ಒಳಗೆ ಬಂದರು. ಫೋಟೋ ಎಲ್ಲ ಯಾಕೆ ಸಾರ್, ಮೂವರಲ್ಲಿ ಬಾಗಿಲ ಪಕ್ಕ ನಿಂತಿರೋರು ಯಾರು ಅಂತ ಕೇಳಿ, ಅವರ ಕೈಗೆ ಫೋನ್ ಕೊಡ್ಸಿ ಎಂದರು. ಸಬ್ ಇನ್‌ಸ್ಪೆಕ್ಟರ್ ಕೇಳಿದರು. ಆ ಕಡೆಯವರು ಇರಿ ಎಂದು ಹೇಳಿ ನಡೆದುಹೋಗುವ ಸದ್ದು ಬಂತು. ಸಬ್ ಇನ್‌ಸ್ಪೆಕ್ಟರ್ ಸ್ಪೀಕರ್ ಹಾಕಿ ಫೋನನ್ನು ಅಜ್ಜಿಯ ಮುಂದೆ ಮೇಜಿನ ಮೇಲೆ ಇಟ್ಟರು. ಆಮೇಲೆ ವಯಸ್ಸಾದ ಗಂಡಸಿನ ದನಿ, ಕೆಲಸದಲ್ಲಿರುವವರು ಕೇಳುವ ಹಾಗೆ, "ಎಷ್ಟನೇ ಮಹಡಿ?" ಎಂದಿತು.

ಅಜ್ಜಿ ಕೈಯಲ್ಲಿದ್ದ ಚಪ್ಪಲಿಯನ್ನು ಮೇಜಿನ ಮೇಲೆ ಇಟ್ಟರು. ಠಾಣೆಯ ಮೇಜು ಅದು, ರೈಟರ್ ತಮ್ಮ ಹಾಳೆಯನ್ನು ಪಕ್ಕಕ್ಕೆ ಸರಿಸಿದರು.

"ಕೆಳಗೆ ಇಳ್ಸ್ರೀ," ಎಂದರು. "ಮನೆಗೆ ಹೋಗ್ಬೇಕು."

ಆ ದನಿ, ಬಾಗಿಲಿಗೆ ಕೈ ಕೊಡಬೇಡಿ, ಕೆಳಗೆ ಹೋಗ್ತಿದೆ ಎಂದಿತು.

ಅಜ್ಜಿ ಫೋನನ್ನು ಕೈಗೆ ತೆಗೆದುಕೊಂಡರು, ಇಡಲಿಲ್ಲ. ಕೆಳಗೆ ಬಂತಾ ಎಂದು ಅವರು ಕೇಳುತ್ತಾರೆ, ಇನ್ನೂ ಇಲ್ಲ ಎಂದು ಆ ಕಡೆಯಿಂದ ಉತ್ತರ ಬರುತ್ತದೆ. ಇದನ್ನು ಬರೆಸುತ್ತಿರುವಾಗಲೂ ಹಾಗೇ ನಡೆದಿದೆ. ಠಾಣೆಯ ಜೀಪ್ ಹೊರಟಿದೆ, ಎರಡು ಗಂಟೆ ದಾರಿ. ಲಿಫ್ಟಿನವರು ತನ್ನನ್ನು ಗುರುತು ಹಿಡಿಯುತ್ತಾರೆ ಎಂದು ಹೇಳಿ ನನ್ನ ತಂದೆಯೂ ಅದರಲ್ಲಿ ಹೋಗಿದ್ದಾರೆ.

ರೈಟರ್ ಇದೆಲ್ಲವನ್ನೂ ಗಟ್ಟಿಯಾಗಿ ಓದಿದರು, ನಾನು ಕೇಳಿದೆ. ನಾನು ಹೇಳಿದ್ದೇ ಇದೆ, ಹೇಳದ್ದು ಇಲ್ಲ. ಒಂದೇ ಒಂದು ತಿದ್ದುಪಡಿ ಕೇಳಿದ್ದೇನೆ: ಲಿಫ್ಟಿನವರು ಮನೆ ಸೇರುವವರೆಗೆ ಪ್ರಕಟಣೆಯಲ್ಲಿ ಚಿತ್ರದ ಜಾಗ ಖಾಲಿ ಇರಲಿ, ಮಾತು ಅಸಂಬದ್ಧ ಎಂಬುದನ್ನು ಹೊಡೆದುಹಾಕಿ, ಅವರು ಏನು ಕೇಳುತ್ತಾರೋ ಅದನ್ನು ಹಾಗೇ ಬರೆಯಲಿ.

ಸ್ಥಳ: ಠಾಣೆ, ರೈಟರ್ ಅವರ ಮೇಜು
ದಿನ: ಸೋಮವಾರ, ಮಧ್ಯಾಹ್ನ
ಸಹಿ: ಹೇಳಿಕೆ ಕೊಟ್ಟವಳದ್ದು
ಸಾಕ್ಷಿ: ಅಜ್ಜಿಯ ಎಡಗೈ ಹೆಬ್ಬೆಟ್ಟು. ಬಲಗೈಯಲ್ಲಿ ಫೋನ್ ಇದೆ.